ಶಿರಾದ ಬಣ್ಣದ ಸಾಬರು

ಪಕ್ಕದ ಬೀದಿಯಲ್ಲಿ ಕಂಬಳಿಗೆ ಹಾಕಲು ಹುಣಸೆಬೀಜದ ಸರಿ ಕಾಯಿಸುತ್ತಿದ್ದಾರೆ. ಬೆಳಗಿನಿಂದ ಮನೆಯೆಲ್ಲ ಅದೇ ವಾಸನೆ. ನಾವು ಚಿತ್ರಗಾರರು ಬಣ್ಣಕ್ಕೆ ಕಲಸುವುದೂ ಅದೇ ಅಂಟನ್ನು. ಶಿರಾದಲ್ಲಿ ಬಣ್ಣದ ಅಂಗಡಿ ಇಟ್ಟಿದ್ದ ಸಾಬರ ಹಿತ್ತಿಲಲ್ಲಿ ಅದರ ಮಡಕೆ ಸದಾ ಒಲೆಯ ಮೇಲಿರುತ್ತಿತ್ತು... ಅವರು ಹೋಗಿ ಎಷ್ಟೋ ವರ್ಷವಾಯಿತು.

ನನ್ನ ಕಸುಬು ಊರಮ್ಮಂದಿರ ಮರದ ಮೂರ್ತಿಗೆ ಬಣ್ಣ ಹಚ್ಚುವುದು. ಮಧುಗಿರಿಯ ಸುತ್ತಿನಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅಮ್ಮನಿಗೆ ಹೊಸ ಬಣ್ಣ ಆಗಬೇಕು. ಪೂಜಾರಿ ಅಮ್ಮನ ಕಳೆಯನ್ನು ಕಲಶಕ್ಕೆ ಇಳಿಸಿಕೊಂಡ ಮೇಲೆ ನಮ್ಮ ಮುಂದೆ ಇರುವುದು ಬರೀ ಮರ. ಹಳೆಯ ಬಣ್ಣ ಹೆರೆದು, ಹೊಸದು ಹಚ್ಚಿ, ಕಡೆಗೆ ಕಣ್ಣು ಬರೆದರೆ ಮತ್ತೆ ಅಮ್ಮ. ಅಲ್ಲಿಯವರೆಗೆ ಒಪ್ಪತ್ತು ಊಟ, ಹೆಂಡತಿಯಿಂದ ದೂರ, ಚಾಪೆಯ ಮೇಲೆ ಒಬ್ಬನೇ ಮಲಗುವುದು, ಇದು ನಮ್ಮ ವ್ರತ. ಹೀಗೆ ನಾನು ಬರೆದದ್ದನ್ನು ನಾನೇ ಎಷ್ಟೋ ಸಲ ಹೆರೆದಿದ್ದೇನೆ. ಜೀವಮಾನವೆಲ್ಲ ದುಡಿದರೂ ಹಳೆಯ ಕೆಲಸ ತೋರಿಸಿ ಎಂದರೆ ನನ್ನಲ್ಲಿ ಏನೂ ಇಲ್ಲ. ಅದಕ್ಕೆ ಬೇಜಾರೂ ಇಲ್ಲ.

ಸಾಬರು ಉಗುರಿನ ಮೇಲೆ ಉಜ್ಜಿ ತೋರಿಸದೆ ಯಾರಿಗೂ ಬಣ್ಣ ಕಟ್ಟಿಕೊಡುತ್ತಿರಲಿಲ್ಲ. ಹಬ್ಬದ ದಿನವೂ ಅವರ ಉಗುರು ಹಸಿರೋ ಕೆಂಪೋ ಆಗಿರುತ್ತಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ, ನನಗಿನ್ನೂ ಮೀಸೆಯ ಗರ್ವ ಇದ್ದ ಕಾಲ. ಚನ್ನರಾಯನದುರ್ಗದ ಕೆಳಗಿನ ಒಂದು ಹಳ್ಳಿಯವರು ಕರೆದಿದ್ದರು. ಅಪ್ಪ ತೀರಿಕೊಂಡ ಮೇಲೆ ನನ್ನ ಕೈಗೆ ಬಂದ ಮೊದಲ ಕೆಲಸ. ಅಮ್ಮನ ಮುಖಕ್ಕೆ ಹಚ್ಚುವ ಹರಿದಾಳದ ಹಳದಿಯ ಕೆಳಗೆ ಅಪ್ಪ ನಾಮದ ಬಿಳಿ ಮಣ್ಣನ್ನು ಮೂರು ದಿನ ಅರೆದು ಬಳಿಯುತ್ತಿದ್ದ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಸಾಬರ ಅಂಗಡಿಯಲ್ಲಿ ಸಫೇದ ಎಂಬ ಸೀಸದ ಬಿಳಿ ಇತ್ತು, ಬೆಣ್ಣೆಯಂತೆ ನುಣ್ಣಗೆ. ಅದನ್ನು ಕೊಡಿ ಎಂದೆ. ಕಟ್ಟಿಕೊಡುತ್ತಾ ಅವರು, "ಬಟ್ಟೆಗೆ ಬರಿ, ಕಿರೀಟಕ್ಕೆ ಬರಿ. ಹರಿದಾಳದ ಹತ್ರ ಮಾತ್ರ ತರಬ್ಯಾಡ ಬೇಟಾ. ಅವೆರಡಕ್ಕೂ ಆಗಿಬರಾಕಿಲ್ಲ," ಎಂದರು. ಬಣ್ಣ ಮಾರುವವರಿಗೆ ಬರೆಯುವ ವಿಷಯ ಏನು ಗೊತ್ತು ಎಂದುಕೊಂಡು ಬಂದು, ಮಣ್ಣಿನ ಬದಲು ಅದನ್ನೇ ಬಳಿದೆ.

ಅಮ್ಮನ ಮುಖ ಚಿನ್ನದ ಹಾಗೆ ಹೊಳೆಯಿತು. ನಾಲ್ಕು ತಿಂಗಳಿಗೆ ಕೆನ್ನೆ ಮಸಿಯಾಯಿತು. ಹಣೆಯೂ ಕಪ್ಪಿಟ್ಟಿತು. ಚಿತ್ರಗಾರ ವ್ರತ ಕೆಡಿಸಿದ್ದಾನೆ ಎಂದು ಹಳ್ಳಿಯಲ್ಲಿ ಗುಲ್ಲೆದ್ದಿತು. ಅದೇ ಸಮಯಕ್ಕೆ ನನ್ನ ಹೆಂಡತಿ ಬಸುರಿ ಬೇರೆ! ಸೋಮವಾರ ಬಂದು ಅಮ್ಮನ ಮುಂದೆ ಉತ್ತರ ಹೇಳು ಎಂದು ಪಟೇಲರು ಆಳು ಕಳಿಸಿದರು. ವ್ರತ ಕೆಟ್ಟಿದೆ ಎಂದು ತೀರ್ಮಾನವಾದರೆ ಮುಗಿಯಿತು, ಆಮೇಲೆ ಯಾವ ಊರೂ ನನ್ನನ್ನು ಗುಡಿಯೊಳಗೆ ಬಿಡುವುದಿಲ್ಲ. ನನಗೆ ಬೇರೆ ಕೆಲಸವೂ ಬಾರದು.

ನಾನು ಶಿರಾಕ್ಕೆ ಹೋದದ್ದು ಜಗಳಕ್ಕೇ. ನಿಮ್ಮ ಬಿಳಿ ನನ್ನ ಬಾಳು ಹಾಳುಮಾಡಿತು ಎಂದು ಅಂಗಡಿಯ ಮುಂದೆ ಕೂಗಾಡಿದೆ. ಅವರು, "ಹರಿದಾಳದ ಕೆಳಗೆ ಹಾಕಿದ್ಯಾ?" ಎಂದಷ್ಟೇ ಕೇಳಿದರು. ಹೌದು ಎಂದೆ, ಸೋಮವಾರದ ಕರೆಯನ್ನೂ ಹೇಳಿದೆ. ಅವರು ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಗಾಡಿ ಹತ್ತಿದರು.

ಹಳ್ಳಿಯಲ್ಲಿ ಗುಡಿಯ ಹೊರಗಿನ ಕಟ್ಟೆಯ ಹತ್ತಿರ ನಿಂತು ಪಟೇಲರಿಗೆ ಕೈ ಮುಗಿದು, "ಬಿಳಿ ನಮ್ಮ ಅಂಗಡೀದು ಸ್ವಾಮಿ. ಹಳೇ ಸರಕು, ಕೆಟ್ಟೋಗಿತ್ತು. ನೋಡ್ದೆ ಕೊಟ್ಬುಟ್ಟೆ. ಈ ಹುಡುಗನ ವ್ರತದಾಗೆ ಏನೂ ತಪ್ಪಿಲ್ಲ," ಎಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಒಂದು ಮಾತು ಹೇಳಬಹುದಿತ್ತು... ಹೇಳಲಿಲ್ಲ. ಮತ್ತೆ ಬರೆಯಲು ನನಗೇ ಅಪ್ಪಣೆಯಾಯಿತು. ದಾರಿಯಲ್ಲಿ ಸಾಬರು ಬೈಯಲಿಲ್ಲ. ಮಧುಗಿರಿಯಲ್ಲಿ ನಾನು ಇಳಿಯುವಾಗ, "ಈ ಸಲ ಮಣ್ಣೇ ಅರಿ," ಎಂದರು. ಅರೆದೆ.

ಸುದ್ದಿ ಹಳ್ಳಿಯಲ್ಲೇ ನಿಲ್ಲಲಿಲ್ಲ. ಶಿರಾದ ಸಾಬರ ಬಣ್ಣ ಕಪ್ಪಾಗುತ್ತದಂತೆ ಎಂದು ಕೊರಟಗೆರೆ, ಪಾವಗಡದ ಚಿತ್ರಗಾರರೆಲ್ಲ ತುಮಕೂರಿನ ಅಂಗಡಿ ಹಿಡಿದರು. ವರ್ಷ ಕಳೆದ ಹಾಗೆ ಸಾಬರ ಅಂಗಡಿಯಲ್ಲಿ ಬಣ್ಣದ ಜಾಡಿಗಳು ಹಿಂದಿನ ಗೂಡಿಗೆ ಸರಿದವು, ಮುಂದೆ ಊದುಬತ್ತಿ ಬಂತು. ನಾನು ಮಾತ್ರ ಅಲ್ಲೇ ಕೊಳ್ಳುತ್ತಿದ್ದೆ. ಅಷ್ಟಕ್ಕೇ ಋಣ ತೀರಿತು ಎಂದುಕೊಂಡಿದ್ದೆ, ನಾಚಿಕೆಗೇಡು.

ಹನ್ನೆರಡು ವರ್ಷಕ್ಕೆ ಅದೇ ಅಮ್ಮನಿಗೆ ಮತ್ತೆ ಬಣ್ಣ. ಅಷ್ಟರಲ್ಲಿ ಸಾಬರು ತೀರಿಕೊಂಡಿದ್ದರು. ಇನ್ನು ತಡೆಯಲಾರದೆ ಪಟೇಲರಿಗೆ ನಿಜ ಹೇಳಿದೆ. ಮುದುಕರು ನಕ್ಕು, "ಅವರ ಅಂಗಡಿ ಬಿಳೀನೇ ಆ ವರ್ಷ ನಮ್ಮನೆ ಬಾಗ್ಲಿಗೂ ಬಳಿಸಿದ್ದೆ ಕಣಪ್ಪ. ಅದು ಬೆಳ್ಳಗೇ ಇತ್ತು. ಸಾಬ್ರು ಅಷ್ಟು ದೂರದಿಂದ ಬಂದವ್ರೆ ಅಂತ ಸುಮ್ನಾದೆ," ಎಂದರು.

ಪಟೇಲರಿಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದವರು ನಮ್ಮ ಚಿತ್ರಗಾರರು. ಅವರಿಗೆ ಹೇಳಲು ನನಗೆ ಇಷ್ಟು ಕಾಲ ಬೇಕಾಯಿತು. ಕಳೆದ ತಿಂಗಳು ಕೊರಟಗೆರೆಯಿಂದ ಬಂದಿದ್ದ ಒಬ್ಬ ಚಿತ್ರಗಾರ ಅದೇ ಹಳೆಯ ಮಾತು ಎತ್ತಿದಾಗ ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು, "ಸಾಬ್ರ ಮಗನಿಗೆ ಹೇಳಿದ್ರಾ?" ಎಂದ.

ಮಗ ಈಗಲೂ ಅಲ್ಲೇ ಊದುಬತ್ತಿ ಮಾರುತ್ತಾನೆ. ತನ್ನ ಅಪ್ಪ ಕೆಟ್ಟ ಸರಕು ಮಾರಿದ ಎಂದೇ ಅವನೂ ನಂಬಿದ್ದಾನೆ. ಶಿರಾಕ್ಕೆ ಹೋಗುವ ಮೋಟಾರು ದಿನಾ ಬೆಳಿಗ್ಗೆ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ. ನಾನು ಇನ್ನೂ ಹತ್ತಿಲ್ಲ.