ಹಿಂದಿನ ಗಾಲಿಯ ಮೇಲೆ ಕೂರುವ ಮಲ್ಲಿಕಸಾಬ

ಬೆಳಗಿನ ಐದೂವರೆ. ಮೋಟೆಬೆನ್ನೂರಿನ ಒಂದು ಅಂಗಳದಲ್ಲಿ ಹಳೆಯ ಪಿಕಪ್ ಗಾಡಿ ಹಿಂಬದಿ ಎತ್ತಿಕೊಂಡು ನಿಂತಿದೆ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟಿದೆ. ಹಿಂದೆ ಜಾಕ್ ಇದೆ. ಅದು ಜಾರಿದರೆ ಇರಲಿ ಎಂದು ಪಕ್ಕದಲ್ಲಿ ಎರಡು ಮರದ ದಿಮ್ಮಿ. ಮಲ್ಲಿಕಸಾಬರು ಬಲಗಡೆಯ ಗಾಲಿಯನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸುತ್ತಾರೆ. ಒಳಗೆಲ್ಲೋ ಟಕ್ ಎನ್ನುತ್ತದೆ. ಆಮೇಲೆ ಗಾಲಿಯನ್ನು ಮೆಲ್ಲಗೆ ತಿರುಗಿಸಿ, ತಲೆ ಓರೆ ಮಾಡಿ ಕೇಳುತ್ತಾರೆ. ಹಿಟ್ಟಿನ ಗಿರಣಿಯಲ್ಲಿ ಕಾಳು ಮುಗಿದ ಮೇಲೆ ಬರುವಂಥ ಸದ್ದು.

“ಕೇಳ್ರಿ ಅಕ್ಕಾರ, ಹಲ್ಲ ಕಡಿಯಾಕತ್ತೈತಿ,” ಎನ್ನುತ್ತಾರೆ.

ಮಲ್ಲಿಕಸಾಬರಿಗೆ ಐವತ್ತಾರು. ಗಾಡಿಗಳ ಹಿಂದಿನ ಗಾಲಿಯ ಬೇರಿಂಗ್ ಬದಲಿಸುವುದು ಅವರ ಕೆಲಸ. ಎಂಜಿನ್ ಮುಟ್ಟುವುದಿಲ್ಲ, ಬಣ್ಣ ಹೊಡೆಯುವುದಿಲ್ಲ. ಗ್ಯಾರೇಜಿಲ್ಲ, ಬೋರ್ಡಿಲ್ಲ. ಮನೆಯ ಮುಂದಿನ ಈ ಅಂಗಳ, ಒಂದು ಪೆಟ್ಟಿಗೆ ನಟ್ಟು ತಿರುಗಿಸುವ ಪಾನಾ, ಗೋಡೆಗೆ ಒರಗಿಸಿಟ್ಟ ಹನ್ನೆರಡು ಉಸುಕಿನ ಚೀಲ. ಅವರ ಬಗ್ಗೆ ಬರೆಯಲೆಂದು ಬಂದಾಗ ನನಗೆ ಮೊದಲು ಕಂಡದ್ದು ಆ ಚೀಲಗಳು. ಮನೆ ಕಟ್ಟುತ್ತಿದ್ದೀರಾ ಎಂದು ಕೇಳಿದೆ. “ಇಲ್ರಿ, ಅವು ಸವಾರಿ ಹೋಗೂ ಚೀಲ,” ಎಂದರು. ಅದರ ಅರ್ಥ ತಿಳಿಯಲು ಎರಡು ತಾಸು ಬೇಕಾಯಿತು.

ಗಾಡಿಯ ಮಾಲೀಕ ಹೊಳಿಯಪ್ಪ ಇದೇ ಊರಿನವರು, ಚಾಲಕರೂ ಅವರೇ. ಒಂದೇ ಕಡೆ ನಿಲ್ಲಲಾರದೆ ಅಂಗಳದಲ್ಲಿ ಸುತ್ತುತ್ತಿದ್ದಾರೆ.

“ಮಾಮಾ, ಇವತ್ತಿನ ಪೂರ್ತೆ ಗ್ರೀಸ್ ತುಂಬಿ ಬಿಡ್ರಿ. ಎಂಟಕ್ಕ ಮಂದಿ ಬರ್ತಾರ. ನಾಳೆ ಬಿಚ್ಚೂಣು.”

“ಗ್ರೀಸ್ ಅಂದ್ರ ಸುಣ್ಣೇನೋ, ಮ್ಯಾಲ ಬಳದ ಬಿಟ್ರ ಗ್ವಾಡಿ ತೂತ ಮುಚ್ಚಾಕ?”

ಒಳಗಿಂದ ಮಲ್ಲಿಕಸಾಬರ ಹೆಂಡತಿ ಅಕ್ಬರಬಿ ಹಳೆಯ ಅಗಲ ಪರಾತದಲ್ಲಿ ಚಿಮಣಿ ಎಣ್ಣೆ ತರುತ್ತಾರೆ. ಬಿಚ್ಚಿದ್ದನ್ನು ತೊಳೆಯುವುದು, ಹೊಸದಕ್ಕೆ ಗ್ರೀಸ್ ತುಂಬುವುದು ಅವರ ಪಾಲಿನ ಕೆಲಸ. “ಹೊಳಿಯಪ್ಪಾ, ನೀ ಹಂಗ ತಿರಗಬ್ಯಾಡ. ನಿನ್ನ ಬೇರಿಂಗೂ ಸವದೀತು,” ಎಂದು ಪರಾತ ನೆಲಕ್ಕಿಡುತ್ತಾರೆ.

ಹೊಳಿಯಪ್ಪನವರ ಅವಸರಕ್ಕೆ ಕಾರಣವಿದೆ. ಈ ಗಾಡಿ ದಿನವೂ ಇಪ್ಪತ್ತೆರಡು ಹೆಣ್ಣುಮಕ್ಕಳನ್ನು ರಾಣೆಬೆನ್ನೂರು ಕಡೆಯ ಹತ್ತಿ ಬೀಜದ ಹೊಲಕ್ಕೆ ಒಯ್ಯುತ್ತದೆ. ಅಲ್ಲಿ ಅವರದು ಕ್ರಾಸಿಂಗ್ ಕೆಲಸ. ಸಂಜೆ ಮೊಗ್ಗು ಬಿಡಿಸಿ ಅದರ ಕೇಸರ ಕಿತ್ತು, ಕೆಂಪು ಹಾಳೆಯ ಗುರುತು ಸುತ್ತಿ ಬರಬೇಕು. ಮರುದಿನ ಬೆಳಿಗ್ಗೆ ಆ ಹೂವಿಗೆ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಹನ್ನೊಂದು ಗಂಟೆ ದಾಟಿದರೆ ಹಿಂದಿನ ಸಂಜೆಯ ಕೆಲಸವೆಲ್ಲ ನೀರುಪಾಲು. ಸರಕಿನ ಗಾಡಿಯಲ್ಲಿ ಮಂದಿ ಕೂರಬಾರದೆಂಬ ನಿಯಮ ಎಲ್ಲರಿಗೂ ಗೊತ್ತು. ಆ ಹೊಲಕ್ಕೆ ಬಸ್ಸಿಲ್ಲ ಎಂಬುದೂ ಗೊತ್ತು.

ಮಲ್ಲಿಕಸಾಬರು ಬಿಚ್ಚಲು ಶುರುಮಾಡುತ್ತಾರೆ. ಗಾಲಿ ತೆಗೆದ ಮೇಲೆ ನಡುವಿನ ಬೋಲ್ಟುಗಳು. ಅವು ಬಂದರೆ ಮೊಳಕ್ಕಿಂತ ಉದ್ದದ ಕಬ್ಬಿಣದ ದಂಡ ಹೊರಗೆ ಜಾರುತ್ತದೆ. ಅದರ ಹಿಂದೆ ಅಂಗೈಯಗಲದ ನಟ್ಟು. ನಟ್ಟು ಬಿಚ್ಚಿದರೆ ಗಾಲಿ ಕೂರುವ ಭಾರದ ಗುಂಬ, ಅಂದರೆ ಹಬ್, ಕೈಗೆ ಬರುತ್ತದೆ. ಅದರೊಳಗೆ ಒಂದು ದೊಡ್ಡ, ಒಂದು ಸಣ್ಣ ಬೇರಿಂಗ್. ಗಾಡಿಯ ಭಾರ, ಮೇಲೆ ಕೂತವರ ಭಾರ ಎಲ್ಲ ಬಳೆಯಷ್ಟಗಲದ ಈ ಎರಡು ವಸ್ತುಗಳ ಮೇಲೆ.

ಹಬ್ಬಿನಿಂದ ಒಂದು ಬೆರಳು ಗ್ರೀಸ್ ತೆಗೆದು ನನಗೆ ತೋರಿಸುತ್ತಾರೆ. ಅದು ಕಪ್ಪಗಿಲ್ಲ, ಹಾಲು ಹಾಕಿದ ಚಹಾದ ಬಣ್ಣ.

“ಅಮಾಸಿಗೆ ಗಾಡಿ ಹೊಳಿಗೆ ಇಳಿಸಿದ್ದೇನೊ?”

ಹೊಳಿಯಪ್ಪ ತಿರುಗುವುದನ್ನು ನಿಲ್ಲಿಸುತ್ತಾರೆ. “ಕುಮಾರಪಟ್ಟಣಕ್ಕ ಬಾಡಿಗಿ ಹೋಗಿದ್ದೆ. ಅಲ್ಲೇ ಹೊಳ್ಯಾಗ ತೊಳದು, ನಿಂಬಿಹಣ್ಣ ಕಟ್ಟಿ, ಕಾಯಿ ಒಡದು ಬಂದೆ.”

ಈ ಭಾಗದಲ್ಲಿ ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪುವುದಿಲ್ಲ. ಹೊಳೆಯೋ ಕೆರೆಯೋ ಸಿಕ್ಕರೆ ಗಾಲಿ ಮುಳುಗುವಷ್ಟು ಇಳಿಸಿ ತೊಳೆಯುತ್ತಾರೆ. ಎಷ್ಟು ಆಳಕ್ಕೆ ಇಳಿದರೆ ಅಷ್ಟು ಭಕ್ತಿ ಎಂಬ ಹಾಗೆ. ದೂರ ಓಡಿ ಬಂದ ಹಬ್ ಕಾದಿರುತ್ತದೆ. ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ರಬ್ಬರ್ ಸೀಲಿನ ಅಂಚಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೊಕ್ಕಿದ್ದು ಯಾರಿಗೂ ಕಾಣುವುದಿಲ್ಲ. ಬೇರಿಂಗನ್ನು ಒಳಗೊಳಗೇ ತುಕ್ಕು ತಿನ್ನುತ್ತದೆ.

“ಪೂಜಿ ಬ್ಯಾಡ ಅನ್ನಂಗಿಲ್ಲರಿ ನಾ,” ಎನ್ನುತ್ತಾರೆ ಮಲ್ಲಿಕಸಾಬರು. “ಗಾಡಿ ಆರಲಿ, ಆಮ್ಯಾಗ ನಾಕ ಕೊಡ ನೀರ ಹಾಕ್ರಿ. ದೇವ್ರು ಬ್ಯಾಡ ಅಂತಾನೇನು?”

“ನಮ್ಮ ಮನಿ ಪಂಚಾಂಗ ಇದು ತಂಗೆವ್ವ,” ಎಂದು ಅಕ್ಬರಬಿ ಪರಾತದಲ್ಲಿ ಬೇರಿಂಗ್ ಜಾಲಾಡಿಸುತ್ತಾರೆ. “ಅಮಾಸಿ ಆಗಿ ಹದಿನೈದ ದಿನಕ್ಕ ಗಾಡಿ ಸಾಲ ಹಚ್ಚಿ ನಿಲ್ತಾವ.” ತೊಳೆದ ಮೇಲೆ ನೋಡಿದರೆ ಬೇರಿಂಗಿನ ಉರುಳೆಗಳ ಮೈಮೇಲೆ ಸಿಡುಬಿನ ಕಲೆಯಂಥ ಗುಳಿಗಳು. ಇನ್ನೆಷ್ಟು ದಿನ ಓಡುತ್ತಿತ್ತು ಎಂದು ಕೇಳಿದೆ. “ಇವತ್ತ ಹೋಗಿ ಬರ್ತಿತ್ತೇನೋ. ನಾಳೆ ಹೇಳಾಕ ಬರೂದಿಲ್ಲ,” ಎಂದರು ಮಲ್ಲಿಕಸಾಬರು.

ಮಲ್ಲಿಕಸಾಬರ ತಂದೆ ಚಕ್ಕಡಿ ಹೊಡೆಯುತ್ತಿದ್ದರು. ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿ ಪೇಟೆಗೆ ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುವುದು ಮಗನ ಕೆಲಸ. ಹದಿನೇಳನೆಯ ವಯಸ್ಸಿಗೆ ರಾಣೆಬೆನ್ನೂರಿನ ಗ್ಯಾರೇಜೊಂದಕ್ಕೆ ಸೇರಿ ಇಪ್ಪತ್ತು ವರ್ಷ ಅಲ್ಲೇ ದುಡಿದರು. ತಂದೆ ಹಾಸಿಗೆ ಹಿಡಿದಾಗ ಊರಿಗೆ ಮರಳಿದರು. ಅಂದಿನಿಂದ ಈ ಅಂಗಳ.

ಒಂದು ಗಾಲಿಗೆ ಎರಡೂವರೆ ತಾಸು. ವಾರಕ್ಕೆ ಆರೇಳು ಗಾಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂದರೆ ದಿನಕ್ಕೆ ಎರಡು. ಹೆದ್ದಾರಿ ಅಗಲವಾದ ಮೇಲೆ ಕೆಲಸ ಹೆಚ್ಚಿದೆಯಂತೆ. ಮೊದಲು ತಗ್ಗು ನೋಡಿ ಮೆಲ್ಲಗೆ ಹೋಗುತ್ತಿದ್ದ ಹಳೆಯ ಗಾಡಿಗಳು ಈಗ ಅದೇ ಮುದಿ ಗಾಲಿಗಳ ಮೇಲೆ ಓಡುತ್ತವೆ. ಈವರೆಗೆ ಎಷ್ಟು ಬದಲಿಸಿದ್ದೀರಿ ಎಂದರೆ ಅವರಿಗೆ ಲೆಕ್ಕವಿಲ್ಲ. ಅಕ್ಬರಬಿ ನನ್ನನ್ನು ಒಳಗೆ ಕರೆದು ತೋರಿಸಿದರು. ಅಡುಗೆಮನೆಯ ಗೋಡೆಗುಂಟ ಆರು ಕೊಡ, ಆರರ ಕೆಳಗೂ ಸಿಂಬಿಯ ಬದಲು ಹಳೆಯ ಬೇರಿಂಗಿನ ಹೊರಬಳೆ. ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತವೆ. ಓಣಿಯ ಅರ್ಧ ಮನೆಗಳ ಕೊಡಗಳು ಇಂಥವುಗಳ ಮೇಲೆಯೇ ಕೂತಿವೆ.

ಅಂಗಳಕ್ಕೆ ಮರಳಿದಾಗ ಹೊಳಿಯಪ್ಪ ಮತ್ತೆ ಗಡಿಯಾರ ನೋಡುತ್ತಿದ್ದರು. ಮಲ್ಲಿಕಸಾಬರು ಅವರತ್ತ ತಿರುಗದೆ ನನಗೆ ಹೇಳಿದರು.

“ಆರ ವರ್ಷದ ಹಿಂದ ಹಿಂಗ ಒಬ್ಬಾಂವ ಅವಸರ ಮಾಡಿದ. ಸುಗ್ಗಿ ಟೈಮ್. ನಾನೂ ಹೂಂ ಅಂದೆ. ಬರೇ ಗ್ರೀಸ್ ತುಂಬಿ ಕಳಿಸಿದೆ.”

ಆ ಗಾಡಿ ಕರ್ಜಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಬರುವಾಗ ಹಿಂದಿನ ಗಾಲಿ ತಿರುಗದೆ ಹಿಡಿದುಕೊಂಡು ರಸ್ತೆಯ ಕೆಳಗಿಳಿಯಿತು. ಚೀಲಗಳ ಮೇಲೆ ಕೂತಿದ್ದ ಡಾಕಪ್ಪ ಎಂಬ ಹಮಾಲರ ತೊಡೆಯ ಎಲುಬು ಮುರಿಯಿತು. ಅವರಿಗೆ ಈಗ ಚೀಲ ಹೊರಲಾಗದು, ಕರ್ಜಗಿಯ ಒಂದು ಗಿರಣಿಯಲ್ಲಿ ಕೂತು ಹಿಟ್ಟು ತೂಗುತ್ತಾರೆ. ಮಲ್ಲಿಕಸಾಬರು ತಿಂಗಳಿಗೊಮ್ಮೆ ಹೋಗಿ ಮಾತಾಡಿಸಿ ಬರುತ್ತಾರೆ.

“ಒಂದ ದಿನ ಬೈದಿಲ್ರಿ ಅಂವ. ಚಹಾ ತರಸ್ತಾನ. ಬೈದಿದ್ರ ಚಲೋ ಇತ್ತು.”

ಅಂದಿನಿಂದ ಒಂದು ಪದ್ಧತಿ. ಬೇರಿಂಗ್ ಹಾಕಿದ ಗಾಡಿಯಲ್ಲಿ ಮೊದಲು ಮಂದಿಯಲ್ಲ, ಅವರ ಭಾರದ ಬದಲಿಗೆ ಉಸುಕಿನ ಚೀಲ ಹೋಗಬೇಕು. ಚೀಲಗಳ ಜೊತೆ, ಆ ಗಾಲಿಯ ಮೇಲ್ಗಡೆ ಮಲ್ಲಿಕಸಾಬರು ಕೂರಬೇಕು. ಬ್ಯಾಡಗಿ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಬರುವವರೆಗೆ ಗಾಡಿ ಮಾಲೀಕನದಲ್ಲ.

ಅಕ್ಬರಬಿ ಎಡ ಅಂಗೈಯಲ್ಲಿ ಮುದ್ದೆಯಷ್ಟು ಗ್ರೀಸ್ ಇಟ್ಟುಕೊಂಡು, ಹೊಸ ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯುತ್ತಾರೆ. ಮೇಲಿನ ಸಂದಿಯಿಂದ ಗ್ರೀಸ್ ಶಾವಿಗೆಯ ಹಾಗೆ ಹೊರಬರುವವರೆಗೆ ಬಿಡುವುದಿಲ್ಲ. ಸುಮ್ಮನೆ ನೋಡುತ್ತ ಕೂತವಳು ಒಂದು ಪ್ರಶ್ನೆ ಕೇಳಿದೆ: ಎರಡು ವರ್ಷದಿಂದ ನಿಂತೇ ಇರುವ ಗಾಡಿಯ ಬೇರಿಂಗ್ ಏನಾಗಿರುತ್ತದೆ?

“ಯಾರ ಗಾಡಿರಿ?”

“ನಮ್ಮ ಮನೆಯವರದು. ಓಡಿಸುವವರಿಲ್ಲ.”

ಅಕ್ಬರಬಿ ಕೈ ಒರೆಸಿಕೊಂಡು ಒಳಗೆ ಹೋಗಿ ಚಹಾ ತಂದು ನನ್ನ ಮುಂದಿಟ್ಟರು. ಮಲ್ಲಿಕಸಾಬರು ಹೇಳಿದರು: “ನಿಂತ ಗಾಡಿದು ಒಂದ ಕಡೆ ಭಾರ ಬಿದ್ದು ಕೆಡತೈತ್ರಿ. ತಿಂಗಳಿಗೊಮ್ಮೆ ಅರ್ಧಾ ಸುತ್ತರ ದೂಡ್ರಿ. ಓಡಸೂದೇನ ಬ್ಯಾಡ.”

ಬೇರಿಂಗ್ ಒಳಗೆ ಕೂತಿತು, ಹಬ್ ಮೇಲೇರಿತು. ಇನ್ನು ನಟ್ಟು. ಬಿಗಿ ಮಾಡಿದಷ್ಟೂ ಗಟ್ಟಿ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಹಬ್ ತಿರುಗಿಸುತ್ತ ಪೂರ್ತಿ ಬಿಗಿ ಮಾಡಿ, ಆಮೇಲೆ ನಟ್ಟಿನ ಒಂದು ಹಲ್ಲಿನಷ್ಟು ಹಿಂದಕ್ಕೆ ಸಡಿಲಿಸಬೇಕು. ಕಾದಾಗ ಕಬ್ಬಿಣ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಮಲ್ಲಿಕಸಾಬರು ಬಿಗಿ ಮಾಡಿದರು. ಒಂದು ಹಲ್ಲು ಸಡಿಲಿಸಿದರು. ಹಬ್ ಅಲುಗಿಸಿ ನೋಡಿದರು. ಇನ್ನೊಮ್ಮೆ ಅಲುಗಿಸಿ, ಪಾನಾ ಹಾಕಿ ಮತ್ತೆ ಕೊಂಚ ಬಿಗಿ ಮಾಡಿದರು. ಆಮೇಲೆ ನಟ್ಟು ತಿರುಗದಂತೆ ಅದರ ಕೆಳಗಿನ ತೆಳು ತಗಡನ್ನು ಅಂಚಿಗೆ ಮಡಿಚಿದರು. ಯಾಕೆ ಮತ್ತೆ ಬಿಗಿ ಮಾಡಿದಿರಿ ಎಂದು ನಾನು ಕೇಳಲಿಲ್ಲ.

ಎಂಟಕ್ಕೆ ಹತ್ತು ನಿಮಿಷವಿರುವಾಗ ಹೆಣ್ಣುಮಕ್ಕಳು ಬುತ್ತಿಗಂಟು ಹಿಡಿದು ಬಂದರು. ಮುಂದಾಳು ಸೋಮವ್ವ. ಚೀಲಗಳನ್ನು ಗಾಡಿಗೆ ಏರಿಸಲು ಅವರೇ ಕೈ ಹಚ್ಚಿದರು.

“ಮಲ್ಲಿಕಣ್ಣಾ, ಇಪ್ಪತ್ತೆರಡ ಮಂದಿಗೆ ಹನ್ನೆರಡ ಚೀಲ. ನನಗ ಎಷ್ಟ ಹಿಡಿದಿ?” ಎಂದರು ಸೋಮವ್ವ.

“ನಿನಗೊಂದು, ನಿನ್ನ ಬಾಯಿಗೊಂದು.”

“ಹಂಗಾರ ನಿನ್ನ ಹೇಂತಿಗೆ ಲಾರಿ ಬೇಕಲ್ಲೋ!” ಅಕ್ಬರಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ನಾನು ಮುಂದೆ ಹೊಳಿಯಪ್ಪನವರ ಪಕ್ಕ ಕೂತೆ. ಹಿಂದೆ ಚೀಲಗಳ ನಡುವೆ ಮಲ್ಲಿಕಸಾಬರು, ಅಂಗೈಯನ್ನು ಗಾಡಿಯ ತಳಕ್ಕೆ ಒತ್ತಿ, ಕಣ್ಣು ಮುಚ್ಚಿ. ಬ್ರೇಕ್ ಹಿಡಿಯಬೇಡ ಎಂದು ಮೊದಲೇ ಹೇಳಿದ್ದರು. ಬ್ರೇಕಿನ ಬಿಸಿ ಬೇರೆ, ಬೇರಿಂಗಿನ ಬಿಸಿ ಬೇರೆ. ಹೋಗಿ ಬಂದೆವು. ಕಿರುಗುಡುವ ಸದ್ದಿಲ್ಲ. ಹೊಳಿಯಪ್ಪನವರ ಮುಖ ಅರಳಿತ್ತು.

ಅಂಗಳದಲ್ಲಿ ಇಳಿದ ಮಲ್ಲಿಕಸಾಬರು ಎಡ ಹಬ್ಬಿಗೆ ಕೈಯ ಹಿಂಬದಿ ಹಚ್ಚಿದರು. ಅವರ ಅಂಗೈ ದಡ್ಡುಗಟ್ಟಿದೆ, ಬಿಸಿ ತಿಳಿಯುವುದಿಲ್ಲ. ಹತ್ತು ಎಣಿಸಿದರು. ನಂತರ ಬಲಗಡೆ, ಹೊಸ ಬೇರಿಂಗಿನ ಹಬ್ಬಿಗೆ. ಬಿಸಿ ತಾಳದೆ ನಾಲ್ಕು ಎಣಿಸುವಷ್ಟರಲ್ಲೇ ಕೈ ತೆಗೆದರು.

“ಹೊಸಾದ ಐತಿ ಮಾಮಾ, ಚೂರ ಕಾಯ್ತೈತಿ. ಓಡಿದಂಗ ಹೊಂದಿಕೊಳ್ತೈತಿ,” ಎಂದರು ಹೊಳಿಯಪ್ಪ. ಮಲ್ಲಿಕಸಾಬರು ಹೌದು ಎಂದಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆಗಲೇ ಇಬ್ಬರು ಗಾಡಿ ಏರಲು ಕಾಲಿಟ್ಟಿದ್ದರು.

“ಇಳೀರವ್ವಾ,” ಎಂದರು ಮಲ್ಲಿಕಸಾಬರು. “ತಪ್ಪ ನಂದು. ಡಾಕಪ್ಪ ನೆನಪಾದ. ಅಂಜಿಕಿಗೆ ಹೆಚ್ಚ ಬಿಗಿ ಮಾಡೀನಿ. ಬಿಚ್ಚಬೇಕು.”

ಹೊಳಿಯಪ್ಪ ಸೋಮವ್ವನ ಮುಖ ನೋಡಿದರು. ಸೋಮವ್ವ ಬುತ್ತಿಗಂಟು ಕಟ್ಟೆಯ ಮೇಲಿಟ್ಟು ಕೂತರು.

“ಬಿಚ್ಚ. ಹೂವು ನಾಳೆ ಬ್ಯಾರೆ ಅರಳ್ತಾವ. ಕಾಲು ಬ್ಯಾರೆ ಹುಟ್ಟತಾವೇನ?”

ಈ ಸಲ ಅರ್ಧ ತಾಸು. ಮಡಿಚಿದ ತಗಡನ್ನು ಎಸೆದು ಹೊಸದು ಹಾಕಿದರು. ಬಿಗಿ ಮಾಡಿ, ಒಂದು ಹಲ್ಲು ಸಡಿಲಿಸಿ, ಪಾನಾವನ್ನು ತಕ್ಷಣ ಅಕ್ಬರಬಿಯ ಕೈಗೆ ಕೊಟ್ಟುಬಿಟ್ಟರು. ಅಕ್ಬರಬಿ ಅದನ್ನು ಬೆನ್ನ ಹಿಂದೆ ಹಿಡಿದು ನಿಂತರು. ಮತ್ತೆ ಚೀಲ, ಮತ್ತೆ ಬ್ಯಾಡಗಿ ರಸ್ತೆ. ಬಂದು ಕೈ ಇಟ್ಟಾಗ ಎಡಕ್ಕೂ ಹತ್ತು, ಬಲಕ್ಕೂ ಹತ್ತು. ಒಂಬತ್ತಕ್ಕೆ ಗಾಡಿ ಹೊರಟಿತು. ಕೊನೆಯ ಹೂಗಳಿಗೆ ಸಮಯ ಸಿಗುತ್ತದೋ ಇಲ್ಲವೋ ಎಂದು ಆಗ ಯಾರೂ ಹೇಳುವಂತಿರಲಿಲ್ಲ.

“ಬಸ್ಸಿನ್ಯಾಗೂ ಇವ್ರು ಹಿಂದಿನ ಗಾಲಿ ಮ್ಯಾಲಿನ ಸೀಟ ಹಿಡೀತಾರ,” ಎಂದು ಅಕ್ಬರಬಿ ದೂರುತ್ತಾರೆ. ಮಗಳು ದಿಲನಾಜಳ ಮನೆ ಹಾವೇರಿಯಲ್ಲಿದೆ. ಅಲ್ಲಿಯವರೆಗೂ ಗಂಡ ಕಣ್ಣು ಮುಚ್ಚಿ ಸದ್ದು ಕೇಳುತ್ತಾರಂತೆ, ಹೆಂಡತಿಯ ಮಾತು ಕೇಳುವುದಿಲ್ಲವಂತೆ. ಏನಾದರೂ ಆಸೆ ಇದೆಯೇ ಎಂದು ಮಲ್ಲಿಕಸಾಬರನ್ನು ಕೇಳಿದೆ. ಬಹಳ ಯೋಚಿಸಿದರು. “ಒಂದ ಸಲ ಡ್ರೈವರ್ ಹಿಂದಿನ ಸೀಟಿನ್ಯಾಗ ಕುಂತು ನಿದ್ದಿ ಮಾಡಬೇಕ್ರಿ.”

ಸಂಜೆ ಆರೂವರೆಗೆ ಪಿಕಪ್ ಮರಳಿತು. ಹೊರಗಿನ ಸಾಲಿನ ಒಂದಷ್ಟು ಹೂ ತಪ್ಪಿದವು, ಉಳಿದದ್ದು ಮುಗಿಯಿತು ಎಂದು ಹೊಳಿಯಪ್ಪ ಹೇಳಿದರು. ಸೋಮವ್ವ ಕೆಳಗಿಳಿದು ಸೀದಾ ಬಲ ಹಿಂಗಾಲಿಯ ಹತ್ತಿರ ಹೋದರು. ಅಂಗೈ ತಿರುಗಿಸಿ, ಕೈಯ ಹಿಂಬದಿಯನ್ನು ಹಬ್ಬಿಗೆ ಹಚ್ಚಿ ಗಟ್ಟಿಯಾಗಿ ಎಣಿಸತೊಡಗಿದರು. ಮೂರಕ್ಕೆ ಉಳಿದವರೂ ದನಿಗೂಡಿಸಿದರು. ಹತ್ತಾದರೂ ಕೈ ತೆಗೆಯಲಿಲ್ಲ.

“ಮಲ್ಲಿಕಣ್ಣಾ, ಇಪ್ಪತ್ತರ ತನಕ ಎಣಸ್ಲೇನು?”

“ಸಾಕ ನಡಿಯವ್ವಾ, ಮನ್ಯಾಗ ಕಾಯ್ತಿರ್ತಾರ.”

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಅವರು ನೋಡುತ್ತ ನಿಂತರು. ಆಮೇಲೆ ನಮ್ಮತ್ತ ತಿರುಗಿದರು.

“ಯಾರೂ ಹೇಳದೆ ಸೋಮವ್ವ ತಾನ ಕೈ ಇಟ್ಟು ನೋಡಿದ್ಲು, ಕಂಡ್ರಿಲ್ಲೊ. ನಾಳೆ ಹಾವೇರಿಗೆ ಹೋಗೂದೈತಿ. ಬಸ್ಸಿನ್ಯಾಗ ಮುಂದ ಕುಂದರ್ತೇನಿ.”

“ಹಂಗಾರ ಕಿಡಕಿ ನನಗ ಬಿಡ್ರಿ,” ಎಂದರು ಅಕ್ಬರಬಿ.