ಉತ್ತರದ ಹಲಗೆ

ಬೆಳಿಗ್ಗೆ ಇಡ್ಲಿಗೆ ನೆನೆಹಾಕಿದೆ. ಎರಡು ಲೋಡು ಬಟ್ಟೆ ಒಗೆದು ಮಡಿಸಿದೆ. ಅತ್ತೆಯವರ ಮಂಡಿಗೆ ಎಣ್ಣೆ ಹಚ್ಚಿದೆ. ಮಧ್ಯಾಹ್ನ ಮೂಲೆಮನೆಯ ಹಿತ್ತಲಿನಿಂದ ನಾಲ್ಕು ಹಲಗೆಗಳನ್ನು ಒಂದೊಂದಾಗಿ ಹೊತ್ತು ತಂದು ನಮ್ಮ ಹಿತ್ತಲಲ್ಲಿ ನಿಲ್ಲಿಸಿದೆ. ಅಷ್ಟು ಹೊತ್ತೂ ಅತ್ತೆ ಬಕೆಟ್ಟಿನಲ್ಲಿ ಆಮೆಯನ್ನಿಟ್ಟುಕೊಂಡು ಕಾದರು. ಹಲಗೆಗಳು ಮೂಲೆಮನೆ ಆಂಟಿಯವು. ಅವರು ಚಳಿಗಾಲದಲ್ಲಿ ತೀರಿಕೊಂಡರು.

ಆಂಟಿಯ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ವನ್ಯಜೀವಿ ಇಲಾಖೆಯ ಕೆಲಸದಲ್ಲಿದ್ದಾಗ ಕೊಳದ ಆಮೆಯೊಂದು ಕಚ್ಚಿ ತೆಗೆದಿತ್ತಂತೆ. "ಬಾಯಿ ಅದರದ್ದು, ಬೆರಳು ಹಾಕಿದವಳು ನಾನು," ಎಂದು ನಗುತ್ತಿದ್ದರು. ಗಿಡುಗದ ಗೂಡು, ಜಿಂಕೆ ಮಲಗಿ ಎದ್ದ ಹುಲ್ಲು, ಎಲ್ಲವನ್ನೂ ಆ ಮೊಂಡು ಬೆರಳಿನಿಂದಲೇ ತೋರಿಸುತ್ತಿದ್ದರು. ಅಮೆರಿಕದವರಾದರೂ ನಾವು ಆಂಟಿ ಎಂದು ಕರೆದದ್ದು ಅವರಿಗೆ ಹಿಡಿಸಿತ್ತು.

ಆಗ ನಾವು ಅಮೆರಿಕದ ಈ ಸೆಂಟರ್‌ವಿಲ್‌ಗೆ ಬಂದ ಹೊಸದು. ನಮ್ಮವರು ಇದ್ದೊಂದು ಕಾರನ್ನು ರೆಸ್ಟನ್ ಊರಿನ ಆಫೀಸಿಗೆ ಒಯ್ದರೆ ನಾನೂ ಅತ್ತೆಯೂ ಸಂಜೆಯ ತನಕ ಮನೆಯೊಳಗೇ. ನನ್ನ ವೀಸಾದಲ್ಲಿ ಕೆಲಸಕ್ಕೆ ಸೇರುವಂತಿರಲಿಲ್ಲ. ನಡೆದಾದರೂ ಹೋಗೋಣವೆಂದರೆ ದೊಡ್ಡ ರಸ್ತೆಗೆ ಸೈಡ್‌ವಾಕ್ ಇರಲಿಲ್ಲ. ಕಿಟಕಿಯಾಚೆ ಕಾಡು ಕಡಿದು ಟೌನ್‌ಹೌಸ್ ಸಾಲುಮನೆ ಕಟ್ಟಲೆಂದು ಕರಿ ಪ್ಲಾಸ್ಟಿಕ್ ಬೇಲಿ ಎಳೆದಿದ್ದರು.

ಕಳೆದ ಬೇಸಿಗೆಯಲ್ಲಿ ಅತ್ತೆ ಆ ಬೇಲಿಯ ಬುಡದಲ್ಲಿ ಒಂದು ಆಮೆಯನ್ನು ಕಂಡು ಸೆರಗಿನಲ್ಲಿ ಹೊತ್ತು ತಂದರು. ಕೂರ್ಮಾವತಾರವೇ ಮನೆಗೆ ಬಂತೆಂದು ಬೆನ್ನಿಗೆ ಕುಂಕುಮವಿಟ್ಟರು. ಪಾಪ, ನೀರಿಲ್ಲದೆ ಒದ್ದಾಡುತ್ತಿದೆಯೆಂದು ಬಾತ್‌ಟಬ್ಬಿಗೆ ಅರ್ಧ ನೀರು ತುಂಬಿ ಬಿಟ್ಟರು. ಅದು ಅಂಚು ಕೆರೆಯುತ್ತ ಮುಳುಗೇಳುವುದನ್ನು ನೋಡಿ ನಾನು ಆಂಟಿಯನ್ನು ಕೂಗಿದೆ.

ಅವರು ಶೂ ಸಮೇತ ಒಳಗೆ ಬಂದು ಆಮೆಯನ್ನೆತ್ತಿಕೊಂಡರು. "ಇದು ನೆಲದ ಆಮೆ. ಇದಕ್ಕೆ ಈಜು ಅಷ್ಟಾಗಿ ಬರಲ್ಲ. ಇದೇನು ಕೆಂಪು, ಗಾಯವಾ?"

"ಅಲ್ಲ ಆಂಟಿ, ಪೂಜೆ."

"ಒಳ್ಳೇದಾಯ್ತು. ಮುಳುಗಿಸೋಕೆ ಮುಂಚೆನೇ ಪೂಜೆ ಮುಗಿಸಿದೀರ."

"ಏನಂತೆ ಕಣೆ?" ಎಂದರು ಅತ್ತೆ.

"ನಿಮ್ಮ ದೇವರಿಗೆ ಈಜು ಬರಲ್ವಂತೆ."

"ಅಮೆರಿಕದ್ದಲ್ವಾ, ಯಾರೂ ಕಲಿಸಿಲ್ಲ."

ಆಂಟಿಯದು ಒಂದೇ ನಿಯಮ. ಆಮೆಯನ್ನು ಎತ್ತಿದ ಜಾಗದಲ್ಲೇ ಬಿಡಬೇಕು. ಈ ಜಾತಿ ಹುಟ್ಟಿದ ಕಡೆಯೇ ಬದುಕಿ ಸಾಯುವಂಥದ್ದು. ಬೇರೆಡೆ ಬಿಟ್ಟರೆ ಮನೆ ಹುಡುಕುತ್ತ ನಡೆದು ನಡೆದು, ಯಾವುದೋ ರಸ್ತೆಯಲ್ಲಿ ಕಾರಿನಡಿ ಸಿಗುತ್ತದೆ. ಆದರೆ ಇದರ ಮನೆ ಬೇಲಿಯ ಒಳಗಿತ್ತು. ಅಲ್ಲಿ ಬುಲ್ಡೋಜರ್ ನಿಂತಿತ್ತು. ಆಂಟಿ ಆಮೆಯನ್ನು ಎದೆಗವಚಿಕೊಂಡು ಬೇಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಕೊನೆಗೆ ತಮ್ಮ ಹಿತ್ತಲಿನಲ್ಲಿ, ಉಳಿದ ಕಾಡಿನ ಅಂಚಿಗೆ, ನಾಲ್ಕು ಹಲಗೆ ನೆಟ್ಟು ನಡುವೆ ಅದನ್ನಿಟ್ಟರು.

"ಎಷ್ಟು ದಿನ ಆಂಟಿ?"

"ಹಳೇ ಮನೆ ಹುಡುಕೋದು ಬಿಡೋ ತನಕ. ನೋಡು, ಬೇಲಿ ಕಡೆ ಇರೋ ಉತ್ತರದ ಹಲಗೆಗೇ ಹೋಗ್ತಿದೆ. ಹಾಗೆ ಹೋಗೋದು ನಿಂತ ದಿನ ಕಾಡಿನ ಕಡೆ ಹಲಗೆ ತೆಗೆದುಬಿಡೋಣ."

ಅತ್ತೆಗೆ ಹೇಳಿದೆ. "ಮರೆಯೋ ತನಕ ಕೂಡಿಹಾಕೋದಾ?" ಎಂದವರು ಆ ಸಂಜೆ ಕಾಫಿ ಮುಟ್ಟಲಿಲ್ಲ.

ಹೀಗೆ ನಮಗೂ ದಿನಾ ಹೋಗಲೊಂದು ಜಾಗವಾಯಿತು. ನಾವು ಕಲ್ಲಂಗಡಿ ಸಿಪ್ಪೆ, ಮೆತ್ತಗಾದ ಟೊಮೇಟೊ ಒಯ್ಯುತ್ತಿದ್ದೆವು. ಆಂಟಿ ಎರೆಹುಳ ಹಾಕಿದರೆ ಅತ್ತೆ ಮುಖ ತಿರುಗಿಸುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರೂ ಕುರ್ಚಿ ಹಾಕಿಕೊಂಡು ಆಮೆ ಹಿಂದೆಮುಂದೆ ನಡೆಯುವುದನ್ನು ನೋಡುತ್ತ ಕೂರುತ್ತಿದ್ದರು. ಉತ್ತರದ ಹಲಗೆಗುಂಟ ಮಣ್ಣು ಸವೆದು ಸಣ್ಣ ಕಾಲುವೆಯಾಗಿತ್ತು.

ಎಲೆ ಉದುರುವ ಹೊತ್ತಿಗೆ ಆಮೆ ಮಣ್ಣಿನೊಳಗೆ ಹೂತುಕೊಂಡಿತು. ಆಂಟಿ ಹಾಸಿಗೆ ಹಿಡಿದರು. ಸಾರು ಒಯ್ದಾಗ ನನ್ನ ಕೈ ಹಿಡಿದುಕೊಂಡು ಹೇಳಿದರು: "ಚಳಿ ಕಳೆದು ಅದು ಎದ್ದ ಮೇಲೆ ನೀನು ನೋಡ್ಕೋ. ಇನ್ನೂ ಉತ್ತರಕ್ಕೇ ಹೋದ್ರೆ, ಪಾಪ ಅಂತ ಬಿಟ್ಟುಬಿಡಬೇಡ. ಪಾಪ ಅಂತ ನನಗೂ ದಿನಾ ಅನ್ನಿಸ್ತಿತ್ತು."

ಅವರ ಮಗ ಮನೆ ಮಾರುತ್ತಿದ್ದಾನೆ. ಹಿತ್ತಲು ಸಮ ಮಾಡಿಸುತ್ತೇನೆ, ಹಲಗೆ, ಆಮೆ ಬೇಕಿದ್ದರೆ ಒಯ್ಯಿರಿ ಎಂದ. ಅದಕ್ಕೇ ಇವತ್ತು ತಂದೆವು. ಆಮೆಯನ್ನು ಒಳಗಿಟ್ಟು ಇಬ್ಬರೂ ನೋಡಿದೆವು. ತಲೆ ಹೊರಗೆ ಹಾಕಿತು. ಸುತ್ತ ನೋಡಿತು. ಉತ್ತರದ ಹಲಗೆಯತ್ತ ಹೊರಟಿತು. ಆ ದಿಕ್ಕಿನಲ್ಲಿ ಈಗ ಟೌನ್‌ಹೌಸುಗಳು ಎದ್ದಿವೆ. ಕೆಲವು ಕಿಟಕಿಗೆ ಪರದೆಯೂ ಬಂದಿದೆ.

"ಬಿಟ್ಟುಬಿಡೇ, ಹೋಗ್ಲಿ," ಎಂದರು ಅತ್ತೆ.

ನನ್ನ ಕೈ ಹಲಗೆಯ ಮೇಲಿತ್ತು. ಎತ್ತಿದ್ದರೆ ಬರುತ್ತಿತ್ತು. "ಇಲ್ಲ ಅತ್ತೆ, ಆಂಟಿ ಹೇಳಿದಾರೆ," ಎಂದು ಮೂಲೆಗೆ ಇನ್ನೊಂದು ಗೂಟ ಹೊಡೆದೆ.

ರಾತ್ರಿಗೆ ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ. ಅತ್ತೆ ಒಂದಿಷ್ಟು ಮಜ್ಜಿಗೆಯನ್ನ ಉಂಡು, ಪಲ್ಯ ಮುಟ್ಟದೆ, ಎಲ್ಲರಿಗಿಂತ ಮೊದಲು ಮಲಗಿದರು.