ಶುಕ್ರವಾರ ಹಚ್ಚಿದ ಪಚೋಲಿ

ಮದ್ದೂರಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಮಂಡ್ಯದಲ್ಲಿ. ಹದಿನಾಲ್ಕು ವರ್ಷಗಳಿಂದ ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಯ ಬಸ್ಸಿನಲ್ಲಿ ಬರುತ್ತಿರುವುದರಿಂದ ಆ ಬಸ್ಸಿನ ವಾಸನೆಗಳೆಲ್ಲ ನನಗೆ ಪರಿಚಯ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಡೀಸೆಲ್ಲು, ಯಾರದೋ ಡಬ್ಬಿಯ ಚಿತ್ರಾನ್ನ, ಕಬ್ಬು ಅರೆಯುವ ಕಾಲದಲ್ಲಾದರೆ ಕಾರ್ಖಾನೆ ಕಡೆಯಿಂದ ಬರುವ ಕಾಕಂಬಿಯ ಹುಳಿ.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಸೋಮವಾರ, ಇವುಗಳ ನಡುವೆ ನನಗೆ ಗೊತ್ತಿಲ್ಲದ ಒಂದು ವಾಸನೆ ಬಂತು. ಒಣಗಿದ ಎಲೆಯದೂ ಹೌದು, ಒದ್ದೆ ಮಣ್ಣಿನದೂ ಹೌದು, ಹಿಂದೆ ಎಲ್ಲೋ ಒಂದಿಷ್ಟು ಕರ್ಪೂರ. ಪಕ್ಕದಲ್ಲಿ ಕೂತಿದ್ದ ಅರವತ್ತರ ಆಸುಪಾಸಿನ ಮುಸ್ಲಿಂ ಹೆಂಗಸಿನ ಶಾಲಿನಿಂದ ಬರುತ್ತಿತ್ತು. ಮದ್ದೂರಿನ ಬಟ್ಟೆಯಂಗಡಿಯೊಂದಕ್ಕೆ ಸೀರೆ ಫಾಲ್ಸ್ ಹೊಲಿದುಕೊಡಲು ಅವರು ವಾರಕ್ಕೆರಡು ಸಲ ಆ ಬಸ್ಸಿಗೆ ಬರುತ್ತಿದ್ದರು. ಮುಖ ಪರಿಚಯವಿತ್ತು, ಮಾತು ಇರಲಿಲ್ಲ. ಗೆಜ್ಜಲಗೆರೆಯವರೆಗೆ ತಡೆದುಕೊಂಡೆ. ಆಮೇಲೆ ಕೇಳಿಯೇಬಿಟ್ಟೆ, ಯಾವ ಸೆಂಟು ಇದು ಎಂದು.

"ಸೆಂಟಲ್ಲಮ್ಮ, ಅತ್ತರು. ಪಚೋಲಿ. ಶುಕ್ರವಾರ ನಮಾಜಿಗೆ ಹಚ್ಕೊಂಡಿದ್ದು" ಎಂದರು.

ಅವತ್ತು ಸೋಮವಾರ. ನನ್ನ ಬಳಿ ಒಂದು ಸೆಂಟಿತ್ತು. ಮದುವೆಯಾದ ದಿನದ ನೆನಪಿಗೆಂದು ನಮ್ಮ ಯಜಮಾನರು ಮೈಸೂರಿನಿಂದ ತಂದಿದ್ದರು. ಮನೆಯಲ್ಲಿ ಹಾಕಿಕೊಂಡು ಹೊರಟರೆ ಬಸ್‌ಸ್ಟ್ಯಾಂಡಿನವರೆಗೆ ಘಮಘಮ, ಮೊದಲ ಪೀರಿಯಡ್ಡಿಗೆ ಅದು ಇತ್ತೆಂಬ ಗುರುತೇ ಇರುತ್ತಿರಲಿಲ್ಲ. ಇಲ್ಲಿ ನೋಡಿದರೆ ಒಂದು ವಾಸನೆ ಮೂರು ದಿನ ಶಾಲಿನಲ್ಲಿ ಕೂತಿದೆ. ಒಂದು ಬೇಗ ಹಾರಿಹೋಗುವುದು, ಇನ್ನೊಂದು ಅಂಟಿಕೊಂಡಿರುವುದು ಏಕೆ? ಭಾರವಾದ ಅಣುಗಳು ನಿಧಾನವಾಗಿ ಆವಿಯಾಗುತ್ತವೆ ಎಂದು ಮಕ್ಕಳಿಗೆ ಪ್ರತಿವರ್ಷ ಬರೆಸುವವಳು ನಾನೇ. ಆದರೆ ಬರೆಸುವಾಗ ಯಾವತ್ತೂ ಮೂಗು ನೆನಪಿಗೆ ಬಂದಿರಲಿಲ್ಲ. ಅಂಗಡಿ ಎಲ್ಲಿದೆ ಎಂದು ಅವರಿಂದಲೇ ಕೇಳಿ ತಿಳಿದುಕೊಂಡೆ.

ಮಂಡ್ಯದ ಪೇಟೆ ಬೀದಿಯ ಹಿಂದಿನ ಓಣಿಯಲ್ಲಿತ್ತು ಆ ಅಂಗಡಿ. ಟೋಪಿ, ತಸ್ಬಿಯ ಜಪಮಣಿ, ಕಣ್ಣಿಗೆ ಹಚ್ಚುವ ಸುರ್ಮದ ಜೊತೆಗೆ ಒಂದು ಗಾಜಿನ ಬೀರು ತುಂಬ ಅತ್ತರಿನ ಸೀಸೆಗಳು. ಅಂಗಡಿಯವರಿಗೆ ಎಪ್ಪತ್ತು ದಾಟಿತ್ತು. ಬಹಳ ದಿನ ಇರುವ ಪಚೋಲಿ ಬೇಕು ಎಂದೆ. ಅವರು ಮೂರು ಸೀಸೆ ತೆಗೆದು ಮುಂದಿಟ್ಟರು. ನಾನು ಒಂದರ ಮುಚ್ಚಳ ತೆಗೆಯಲು ಹೋದರೆ ಮೆಲ್ಲಗೆ ತಡೆದರು.

"ಅಂಗಡೀಲಿ ಮೂಸಿ ತಗೊಂಡ್ರೆ ಅರ್ಧ ಗಂಟೆಗೆ ತಗೊಂಡಂಗೆ, ಮೇಡಂ. ಇಲ್ಲಿ ಗೋಡೆಗೂ ವಾಸ್ನೆ ಇದೆ. ಮನೆಗೆ ತಗೊಂಡೋಗಿ, ಮೂರು ದಿನ ಬಿಟ್ಟು ಏನು ಉಳ್ಕೊಂಡಿರುತ್ತೋ ಅದನ್ನ ಬಂದು ಹೇಳಿ."

ನನ್ನ ಹತ್ತಿರ ಕರ್ಚೀಫು ಒಂದೇ ಇತ್ತು. ಪಕ್ಕದ ಅಂಗಡಿಯಿಂದ ಇನ್ನೆರಡು ಬಿಳಿ ಕರ್ಚೀಫು ತಂದೆ. ಒಂದೊಂದಕ್ಕೂ ಅವರು ಒಂದೊಂದು ಅತ್ತರನ್ನು ಗಾಜಿನ ಕಡ್ಡಿಯಲ್ಲಿ ಮುಟ್ಟಿಸಿ, ಬೇರೆ ಬೇರೆ ಕಾಗದದಲ್ಲಿ ಸುತ್ತಿ ಕೊಟ್ಟರು. ದುಡ್ಡು ಮುಟ್ಟಲಿಲ್ಲ. ಮನೆಗೆ ಬಂದು ಗುರುತಿಗೆ ಮೂಲೆಯಲ್ಲಿ ಒಂದೊಂದು ಹೊಲಿಗೆ ಹಾಕಿದೆ: ಕೆಂಪು ದಾರ, ಹಳದಿ ದಾರ, ಕಪ್ಪು ದಾರ.

ಮಾರನೆಯ ದಿನ ಮೂರನ್ನೂ ಶಾಲೆಗೆ ಒಯ್ದೆ. ಕೆಂಪು ದಾರದ್ದು ಬೆಳಿಗ್ಗೆ ನಿಂಬೆ ಸಿಪ್ಪೆ ಹಿಂಡಿದಂತೆ ಚುರುಕಾಗಿತ್ತು, ಊಟದ ಹೊತ್ತಿಗೆ ಬರೀ ಬಟ್ಟೆ. ಹಳದಿಯದು ಎಲ್ಲರಿಗೂ ಹಿಡಿಸಿತು, ಆದರೆ ಸಂಜೆಗೆ ಅದರಲ್ಲಿ ಪಚೋಲಿ ಹೋಗಿ ಬೇಕರಿಯ ಸಿಹಿ ಉಳಿದಿತ್ತು. ಕಪ್ಪು ದಾರದ್ದನ್ನು ಬಿಚ್ಚಿದಾಗ ನನಗೇ ಬೇಜಾರಾಯಿತು. ನೆಲಮಾಳಿಗೆಯ ಮುಗ್ಗಲು, ಅದರ ಮೇಲೆ ಯಾವುದೋ ಔಷಧಿ. ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕೂರುವ ಗಣಿತದ ಮೇಡಂ ಕನ್ನಡಕ ತೆಗೆದು ಸುತ್ತ ನೋಡಿದರು.

"ಲ್ಯಾಬಲ್ಲಿ ಗೋಣಿಚೀಲ ಏನಾರ ನೆಂದ್ಬುಟ್ಟಿದ್ದಾವಾ ನೋಡ್ರೀ" ಎಂದರು.

ನಾನು ಕರ್ಚೀಫನ್ನು ಬ್ಯಾಗಿನ ತಳಕ್ಕೆ ತಳ್ಳಿದೆ. ಆದರೆ ಎರಡನೆಯ ದಿನ ಅದು ಬದಲಾಗಿತ್ತು. ಔಷಧಿ ಹೋಗಿ, ಮುಗ್ಗಲು ಹೋಗಿ, ಬಸ್ಸಿನಲ್ಲಿ ಬಂದಿದ್ದ ಆ ಒಣ ಎಲೆಯ ವಾಸನೆಯ ಹತ್ತಿರಕ್ಕೆ ಬಂದಿತ್ತು. ಅದೇ ಎಣ್ಣೆ, ಅದೇ ಬಟ್ಟೆ, ಒಂದೇ ರಾತ್ರಿಗೆ ಇಷ್ಟು ಬೇರೆ. ಮೂರನೆಯ ದಿನಕ್ಕೆ ಹೇಗಿರುತ್ತದೋ ಎಂಬ ಕುತೂಹಲಕ್ಕೆ ಅದನ್ನು ಮಲಗುವ ಕೋಣೆಯ ಮೊಳೆಗೆ ತೂಗುಹಾಕಿ ಶಾಲೆಗೆ ಹೋದೆ.

ಸಂಜೆ ಬಂದಾಗ ಅದು ಮೊಳೆಯಲ್ಲಿ ಇರಲಿಲ್ಲ. ನಮ್ಮ ಅತ್ತೆ ಹಜಾರದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅತ್ತೆ ಮಳವಳ್ಳಿ ಕಡೆಯವರು, ಮದುವೆಯಾಗಿ ಕೆರಗೋಡಿಗೆ ಬಂದವರು. ಮಾವ ತೀರಿಕೊಂಡ ಮೇಲೆ ಮಂಡ್ಯದಲ್ಲಿ ನಮ್ಮ ಜೊತೆ ಇದ್ದಾರೆ. ಸೆಂಟು ಹಾಕಿಕೊಳ್ಳುವವರು ಸ್ನಾನ ಮಾಡದವರು ಎಂದು ನನ್ನೆದುರಿಗೇ ಎಷ್ಟೋ ಸಲ ಹೇಳಿದ್ದರು. ಬೈಗುಳ ಬರುತ್ತದೆಂದುಕೊಂಡೇ ಚಪ್ಪಲಿ ಬಿಟ್ಟೆ.

"ಇದು ಎಲ್ಲಿ ಸಿಕ್ತಮ್ಮಿ?"

"ಪೇಟೇಲಿ ಅತ್ತೆ. ಪಚೋಲಿ ಅಂತ, ಅತ್ತರು."

"ಅದೇನ್ ಚೋಲಿಯೋ. ಇದು ಪಚ್ಚೆತೆನೆ ಕಣಮ್ಮಿ. ನಮ್ಮವ್ವನ ಪೆಟ್ಗೆ ವಾಸ್ನೆ. ಇದ್ನ ಸೀಸೇಲಿ ಯಾರಾಕವ್ರೆ?"

ಪಚ್ಚೆತೆನೆ ಎಂಬ ಮಾತನ್ನು ನಾನು ಕೇಳಿದ್ದೆ. ಹೂ ಕಟ್ಟುವಾಗ ನಡುನಡುವೆ ಸೇರಿಸುವ ಎಂಥದೋ ಹಸಿರು ಸೊಪ್ಪು ಎಂದಷ್ಟೇ ತಿಳಿದಿತ್ತು. ಅಲ್ಲೇ ನಿಂತು ಮೊಬೈಲಿನಲ್ಲಿ ಹುಡುಕಿದೆ. ಗಿಡದ ಚಿತ್ರ ಬಂತು, ತುಳಸಿಯ ಬಳಗದ್ದೇ. ಕೆಳಗೆ ಭಾರತದ ಭಾಷೆಗಳಲ್ಲಿ ಅದರ ಹೆಸರುಗಳಿದ್ದವು, ಕನ್ನಡದ ಸಾಲಿನಲ್ಲಿ ಪಚ್ಚೆತೆನೆ. ಸಸ್ಯಶಾಸ್ತ್ರವನ್ನೇ ಮುಖ್ಯವಾಗಿ ಓದಿ ಪಾಸಾದ ನನಗಿಂತ ಶಾಲೆಯ ಮೆಟ್ಟಿಲು ಹತ್ತದ ಅತ್ತೆ ಮೂಗಿನಿಂದಲೇ ಅದನ್ನು ಗುರುತಿಸಿದ್ದರು.

ಗಿಡ ನೋಡಬೇಕು ಎಂದು ನಾನು ಹಟ ಹಿಡಿದೆ. ಅತ್ತೆಗೆ ತವರಿನಲ್ಲಿ ಯಾರೂ ಉಳಿದಿಲ್ಲ. ಆದರೆ ಚಿಕ್ಕಂದಿನ ಗೆಳತಿಯೊಬ್ಬರು ಅದೇ ಊರಿನಲ್ಲಿದ್ದಾರೆ, ಅವರ ಹಿತ್ತಲಲ್ಲಿ ಇದ್ದರೆ ಇರಬಹುದು ಎಂದರು. ಮುಂದಿನ ಭಾನುವಾರ ಇಬ್ಬರೂ ಆಧಾರ್ ಕಾರ್ಡು ತೋರಿಸಿ ಮಳವಳ್ಳಿ ಬಸ್ಸು ಹತ್ತಿದೆವು. ಮಳವಳ್ಳಿಯಿಂದ ಶಿವನಸಮುದ್ರದ ದಾರಿಯಲ್ಲಿ ಒಂದಷ್ಟು ದೂರ ಹೋಗಿ ಒಳಗೆ ತಿರುಗಬೇಕು. ಆಟೋದಲ್ಲಿ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

ಗೆಳತಿ ಜಗುಲಿಯಲ್ಲಿ ಕಾಲು ನೀಡಿಕೊಂಡು ಕನಕಾಂಬರ ಕಟ್ಟುತ್ತಿದ್ದರು. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಹಳ ವರ್ಷ ಹೂ ಮಾರಿದವರು, ಮಂಡಿನೋವು ಬಂದ ಮೇಲೆ ಮನೆಯಲ್ಲೇ ಕಟ್ಟಿಕೊಡುತ್ತಾರೆ. ಕಣ್ಣು ಕಿರಿದು ಮಾಡಿ ನೋಡಿದರು.

"ಯಾರದು, ಬಿಸ್ಲಲ್ಲಿ ನಿಂತಿರೋದು?"

"ನಾನು ಕಣೇ. ಪಚ್ಚೆತೆನೆ ಗಿಡ ಐತಾ ನಿಮ್ಮನೇಲಿ?" ಎಂದರು ಅತ್ತೆ.

ಗೆಳತಿ ಹೂವಿನ ದಾರವನ್ನು ಹಲ್ಲಿಂದ ಬಿಟ್ಟರು. "ಒಂಬತ್ತೊರ್ಸ ಆದ್ಮೇಲೆ ಮೊಕ ತೋರ್ಸಿ ಗಿಡ ಕೇಳ್ತಿದ್ದೀಯಲ್ಲೇ. ಮೊದ್ಲು ಕೂತ್ಕ ಬಾ" ಎಂದರು.

ಕಾಫಿ ಆಯಿತು, ಊರಿನವರ ಸಾವು ಮದುವೆಗಳ ಲೆಕ್ಕ ಮುಗಿಯಿತು. ನನಗೆ ಒಂದು ಕಣ್ಣು ಹಿತ್ತಲ ಬಾಗಿಲ ಮೇಲೇ ಇತ್ತು. ಕೊನೆಗೆ ಅವರು ಕರೆದುಕೊಂಡು ಹೋಗಿ ತೋರಿಸಿದರು. ಸೀಬೆ ಮರದ ನೆರಳಲ್ಲಿ, ನಲ್ಲಿಯ ಪಕ್ಕ, ಮೊಣಕಾಲೆತ್ತರದ ಗಿಡ. ಅಗಲವಾದ ಮೆತ್ತನೆಯ ಎಲೆ, ಅಂಚಿಗೆ ಗರಗಸದ ಹಲ್ಲು. ನಾನು ಆಸೆಯಿಂದ ಒಂದು ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಮೂಸಿದೆ. ಎಂಥದೂ ಇಲ್ಲ. ಹಸಿ ಹುಲ್ಲಿನ ವಾಸನೆ, ಅದೂ ತೆಳುವಾಗಿ. ಇನ್ನೊಂದು ಕಿತ್ತೆ, ಅದೂ ಅಷ್ಟೇ. ಇದು ಬೇರೆ ಗಿಡವೇನೋ ಎಂದು ಅನುಮಾನದಿಂದ ಕೇಳಿದೆ. ಇಬ್ಬರೂ ನಗಲು ಶುರು ಮಾಡಿದರು.

"ಅಸಿ ಎಲೇಲಿ ಏನೂ ಇರಾಕಿಲ್ಲ ಕಣಮ್ಮ" ಎಂದರು ಗೆಳತಿ. "ಕಿತ್ತು ನೆಳ್ಳಲ್ಲಿ ಬಾಡಾಕ್ಬೇಕು. ಒಣಗಿ, ಹಳೇದಾಯ್ತಾ ಆಯ್ತಾ ವಾಸ್ನೆ ಬತ್ತದೆ."

ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಹಳೆಯ ರವಿಕೆ ಬಟ್ಟೆಯಲ್ಲಿ ಹಿಂದಿನ ವರ್ಷದ ಎಲೆಗಳು, ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿದ್ದವು. ಗಂಟು ಬಿಚ್ಚಿದ್ದೇ ತಡ, ನಾನು ಬಸ್ಸಿನಲ್ಲಿ ಕಂಡಿದ್ದ ಆ ವಾಸನೆ, ಆದರೆ ಎಣ್ಣೆಯ ಜಿಗುಟಿಲ್ಲದೆ, ಹಗುರಾಗಿ, ಹಿತ್ತಲೆಲ್ಲ ಹರಡಿತು. ಅತ್ತೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡರು.

ಆಮೇಲೆ ಹೇಳಿದ್ದು, ನನಗೆ ಹದಿನೆಂಟು ವರ್ಷಗಳಲ್ಲಿ ಹೇಳದೇ ಇದ್ದದ್ದು. ಮದುವೆಯಾಗಿ ಕೆರಗೋಡಿಗೆ ಹೊರಟಾಗ ಅವರಮ್ಮ ಎರಡು ಸೀರೆಗಳ ಮಡಿಕೆಯಲ್ಲಿ ಈ ಎಲೆ ಇಟ್ಟು ಕೊಟ್ಟಿದ್ದರಂತೆ. ಹೊಸ ಮನೆ, ಗುರುತಿಲ್ಲದ ಜನ. ಬೇಜಾರಾದಾಗ ಪೆಟ್ಟಿಗೆ ತೆರೆದು ಮೂಸಿ ಮುಚ್ಚುತ್ತಿದ್ದರಂತೆ. ಒಂದು ದಿನ ಗದ್ದೆಯಿಂದ ಬರುವಷ್ಟರಲ್ಲಿ ಅವರ ಅತ್ತೆ ಪೆಟ್ಟಿಗೆ ಚೊಕ್ಕಟ ಮಾಡಿ, ಸೀರೆಗಳನ್ನು ಸೋಪು ಹಾಕಿ ಒಗೆದು, ಎಲೆಯನ್ನು ಕಸವೆಂದು ತಿಪ್ಪೆಗೆ ಹಾಕಿದ್ದರು. ಒಳ್ಳೆಯದಕ್ಕೇ ಮಾಡಿದ್ದು. ಅದಕ್ಕೇ ಜಗಳವಾಡಲೂ ಆಗಲಿಲ್ಲ ಎಂದರು. ಮತ್ತೆ ಯಾಕೆ ಒಂದು ಕಡ್ಡಿ ತಂದು ಕೆರಗೋಡಿನಲ್ಲಿ ನೆಡಲಿಲ್ಲ ಎಂದು ಕೇಳಿದೆ.

"ಏನಂತ ಕೇಳಿ ತರ್ಲಿ? ವಾಸ್ನೆ ಬೇಕು ಅಂತವಾ?" ಎಂದರು ಅತ್ತೆ.

ಗೆಳತಿ ಗಿಡದಿಂದ ನಾಲ್ಕು ಕಡ್ಡಿ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅತ್ತೆಯ ಕೈಗಿತ್ತರು. ಒಣ ಎಲೆಯಲ್ಲಿ ಒಂದು ಹಿಡಿ ನನಗೂ ಕಟ್ಟಿಕೊಟ್ಟರು.

ಆ ಪೊಟ್ಟಣವನ್ನು ತೆಗೆದುಕೊಂಡು ಮಾರನೆಯ ಸಂಜೆ ಅತ್ತರಿನ ಅಂಗಡಿಗೆ ಹೋದೆ. ಹೇಳಿದ್ದಕ್ಕಿಂತ ಐದು ದಿನ ತಡವಾಗಿತ್ತು. ಕಪ್ಪು ದಾರದ್ದೇ ಉಳಿದದ್ದು ಎಂದು ವರದಿ ಒಪ್ಪಿಸಿದೆ. ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು. ಪೊಟ್ಟಣ ಬಿಚ್ಚಿ ಮುಂದಿಟ್ಟೆ. ಅವರು ಒಂದು ಎಲೆ ಎತ್ತಿ ಮೂಸಿದರು. ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದರು. ಮತ್ತೆ ಮೂಸಿದರು.

"ನಮ್ಮ ಅಬ್ಬಾ ಕಾಲದಿಂದ ಇದರ ಎಣ್ಣೆ ಮಾರ್ತಾ ಇದ್ದೀವಿ. ಎಲೆ ನೋಡ್ತಾ ಇರೋದು ಇವತ್ತೇ" ಎಂದರು.

ಎಣ್ಣೆ ಡಬ್ಬಿಗಳಲ್ಲಿ ಎಲ್ಲೆಲ್ಲಿಂದಲೋ ಬರುತ್ತದಂತೆ, ಸಮುದ್ರದಾಚೆಯ ದ್ವೀಪಗಳಿಂದ ಎಂದು ಕೇಳಿದ್ದರಂತೆ. ಮಳವಳ್ಳಿಯ ಹಿತ್ತಲಿನದು ಎಂದಾಗ ನಂಬಲಿಲ್ಲ. ಮಳವಳ್ಳಿಯಲ್ಲಿ ಅವರ ಬೀಗರ ಮನೆಯಿತ್ತು, ನೂರು ಸಲ ಹೋಗಿ ಬಂದ ಊರು. ಗಿಡ ಎಷ್ಟೆತ್ತರ, ಹೂ ಬಿಡುತ್ತದೆಯೇ, ಕುರಿ ತಿನ್ನುತ್ತದೆಯೇ ಎಂದು ಕೇಳುತ್ತಲೇ ಹೋದರು. ಹಸಿ ಎಲೆಗೆ ವಾಸನೆ ಇರುವುದಿಲ್ಲ ಎಂದಾಗ ಮುಖ ಅರಳಿತು. ಎಣ್ಣೆಯದೂ ಅದೇ ಗುಣ, ಹೊಸದು ಒರಟು, ಇಟ್ಟಷ್ಟೂ ಮೆತ್ತಗಾಗುತ್ತದೆ ಎಂದರು. ಎದ್ದು ಹೋಗಿ ಬೀರುವಿನ ಮೇಲಿನ ಅರೆಯಿಂದ ನಾಲ್ಕನೆಯ ಸೀಸೆ ತಂದರು. ಒಳಗಿನದು ಕಾಫಿ ಡಿಕಾಕ್ಷನ್ನಿನಷ್ಟು ಗಾಢ. ಇದನ್ನು ಮಾರಾಟಕ್ಕೆ ಇಟ್ಟವರಲ್ಲ, ಮಗಳ ಮದುವೆ ವರ್ಷ ತಂದು ಸುಮ್ಮನೆ ಇಟ್ಟುಕೊಂಡದ್ದು. ಒಂದು ಕೈಯಲ್ಲಿ ಎಲೆ, ಇನ್ನೊಂದು ಕೈಯಲ್ಲಿ ಸೀಸೆಯ ಮುಚ್ಚಳ ಹಿಡಿದು ಇಬ್ಬರೂ ಸರದಿಯಂತೆ ಮೂಸಿದೆವು. ನಾಲ್ಕರಲ್ಲಿ ಎಲೆಗೆ ತೀರ ಹತ್ತಿರ ಬಂದದ್ದು ಅದೇ. ನಾನು ಕೇಳುವ ಮೊದಲೇ ಅದರಿಂದ ಒಂದು ಸಣ್ಣ ಸೀಸೆಗೆ ಬಗ್ಗಿಸಿದರು. ಬೆಲೆ ಕೇಳಿದರೆ, ಒಂದು ಕಡ್ಡಿ ಗಿಡ ತಂದುಕೊಡಿ ಎಂದರು.

ಮೊದಲು ಕೊಟ್ಟ ಕಡ್ಡಿಯನ್ನು ಅವರು ಅಂಗಡಿಯ ಬಾಗಿಲಲ್ಲಿ ಇಟ್ಟು ಮಧ್ಯಾಹ್ನದ ಬಿಸಿಲಿಗೆ ಸಾಯಿಸಿದರು. ಎರಡನೆಯದನ್ನು ಮನೆಯ ಬಚ್ಚಲ ಗೋಡೆಯ ನೆರಳಿಗೆ ನೆಟ್ಟರು, ಅದು ಹಿಡಿಯಿತು. ನಮ್ಮ ಮನೆಯಲ್ಲಿ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಅತ್ತೆಯ ಎರಡು ಕುಂಡಗಳಿವೆ. ಎಲೆ ಒಣಹಾಕುವ ವಿಚಾರಕ್ಕೆ ಅವರು ಗೆಳತಿಗೆ ಫೋನು ಹಚ್ಚಿದರೆ ಸುಲಭಕ್ಕೆ ಇಡುವುದಿಲ್ಲ.

ಅತ್ತರನ್ನು ದಿನಾ ಹಚ್ಚುವ ಅಗತ್ಯವೇ ಬೀಳುವುದಿಲ್ಲ. ದುಪಟ್ಟಾದ ಅಂಚಿಗೆ ಒಂದು ಬೊಟ್ಟು ಮುಟ್ಟಿಸಿದರೆ ಒಗೆಯುವವರೆಗೆ ಇರುತ್ತದೆ. ಒಂದೇ ತೊಂದರೆ, ಹತ್ತು ನಿಮಿಷ ಕಳೆದರೆ ನನ್ನ ಮೂಗಿಗೆ ಅದು ತಿಳಿಯುವುದೇ ಇಲ್ಲ, ಬೇರೆಯವರು ಹೇಳಬೇಕು. ಗಣಿತದ ಮೇಡಂ ಹೇಳುತ್ತಾರೆ. ಈಗ ಅವರು ಗೋಣಿಚೀಲದ ಹೆಸರೆತ್ತುವುದಿಲ್ಲ.

ಈ ವರ್ಷ ಶಾಲೆಯ ಲ್ಯಾಬಿನಲ್ಲಿ ನಾಲ್ಕು ಜಾಡಿ ಇಟ್ಟಿದ್ದೇನೆ: ಹಸಿ ಎಲೆ, ಒಂದು ವಾರದ್ದು, ಒಂದು ತಿಂಗಳದ್ದು, ಒಂದು ವರ್ಷದ್ದು. ಎಲೆ ಒಣಗುವಾಗ ಒಳಗಿನ ಎಣ್ಣೆಯ ಗೂಡುಗಳು ಒಡೆಯುತ್ತವೆ ಎಂದು ಪುಸ್ತಕ ಹೇಳುತ್ತದೆ. ಆದರೆ ತಿಂಗಳದ್ದಕ್ಕಿಂತ ವರ್ಷದ್ದು ಏಕೆ ಅಷ್ಟು ಮೆತ್ತಗಿರುತ್ತದೆ ಎಂದು ಒಂಬತ್ತನೇ ತರಗತಿಯ ಹುಡುಗಿ ಕೇಳಿದಾಗ, ನನಗೆ ಸರಿಯಾಗಿ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಬೋರ್ಡಿನ ಮೇಲೆ ಬರೆಯಿರಿ ಮಿಸ್ ಎಂದಳು. ಬರೆದೆ. ಇಡೀ ತರಗತಿ ಸಾಲಾಗಿ ಬಂದು ಜಾಡಿಗಳನ್ನು ಮೂಸಿತು. ಒಬ್ಬಳಿಗೆ ಹುಲ್ಲಿನ ಬಣವೆ, ಒಬ್ಬಳಿಗೆ ದೇವರಮನೆಯ ಬೀರು, ಒಬ್ಬಳಿಗೆ ಅಪ್ಪನ ರೈನ್‌ಕೋಟು. ಪೀರಿಯಡ್ಡು ಮುಗಿದ ಗಂಟೆ ಹೊಡೆದರೂ ವಾದ ಮುಗಿಯಲಿಲ್ಲ.